ಒತ್ತಕ್ಷರವನ್ನು ಹೆಬ್ಬೆರಳಿಗೆ ಒಪ್ಪಿಸಿದ್ದು

(ಮೈಸೂರಿನಲ್ಲಿ ಕನ್ನಡ ಟೈಪಿಂಗ್ ಮಾಡುವವರು, ಪುಸ್ತಕದ ಪುಟ ಕಟ್ಟುವವರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಎಲ್ಲರೂ ಒಮ್ಮೆ ಎರಡೂ ಕೈ ಮೇಜಿನ ಮೇಲಿಡಿ. ಮುಂದೆ ಕೀಲಿಮಣೆ ಇದೆ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ‘ಬರುತ್ತದೆ’ ಎಂದು ಟೈಪ್ ಮಾಡುತ್ತಿದ್ದೀರಿ ಅಂದುಕೊಂಡು ಬೆರಳು ಆಡಿಸಿ. ಬಿ, ಆರ್, ಯು, ಟಿ, ಎಫ್, ಟಿ, ಡಿ, ಇ. ಎಂಟು ಕೀಲಿ. ನಡುವಿನ ಎಫ್ ಎರಡು ವ್ಯಂಜನಗಳನ್ನು ಬೆಸೆದು ಒತ್ತಕ್ಷರ ಮಾಡುವ ಕೊಂಡಿ. ಬಲಗೈಗೆ ಸಿಕ್ಕಿದ್ದು ಎಷ್ಟು? ಯು ಒಂದೇ. ಡಿ ಮತ್ತು ಇ ಎಡಗೈಯ ನಡುಬೆರಳಿನದು. ಉಳಿದ ಐದೂ ಎಡಗೈಯ ತೋರುಬೆರಳಿನ ಪಾಲು. ಕೆಳಸಾಲಿನ ಬಿ, ಮೇಲಿನ ಆರ್, ಮತ್ತೆ ಮೇಲೆ ಟಿ, ಬೆರಳು ತಂಗುವ ನಡುಸಾಲಿಗೆ, ಅಂದರೆ ಮನೆಗೆ ಬಂದು ಎಫ್, ತಿರುಗಿ ಟಿ.

ಈಗ ಯೋಚನೆ ಮಾಡಿ, ಕನ್ನಡದಲ್ಲಿ ಈ ‘ತ್ತ’ ಎಷ್ಟು ಕಡೆ ಬರುತ್ತದೆ. ಹೋಗುತ್ತೇನೆ, ಹೇಳುತ್ತಾಳೆ, ಇರುತ್ತಾರೆ, ಆಗುತ್ತದೆ. ವರ್ತಮಾನ ಕಾಲದ ಕ್ರಿಯಾಪದ ಅಂದರೆ ‘ತ್ತ’ ಬಂದೇ ಬರುತ್ತದೆ. ಇತ್ತು, ಬಿತ್ತು, ಮತ್ತು, ಹತ್ತಿರ, ಸುತ್ತ. ಅಷ್ಟೇ ಅಲ್ಲ, ವ್ಯಕ್ತಿತ್ವ, ಅಸ್ತಿತ್ವ, ನೇತೃತ್ವ ಎನ್ನುವಾಗಿನ ‘ತ್ವ’ ಟಿ, ಎಫ್, ವಿ. ಅದೂ ಮೂರೂ ಅದೇ ಬೆರಳಿಗೆ. ರ್ತ, ರ್ವ, ತ್ರ, ರ್ಗ, ಗ್ಗ, ಬ್ಬ ಎಲ್ಲವೂ ಅದೇ ಬೆರಳು. ನಾನು ಹದಿನಾರು ವರ್ಷ ದಿನಕ್ಕೆ ಎಂಟು ಗಂಟೆ ಕನ್ನಡ ಟೈಪ್ ಮಾಡಿದವಳು. ಕಾದಂಬರಿ, ಪಿಎಚ್.ಡಿ. ಪ್ರಬಂಧ, ಮದುವೆಯ ಕರೆಯೋಲೆ, ಕೋರ್ಟಿನ ಕಾಗದ, ಯಾವುದನ್ನೂ ಬಿಟ್ಟಿಲ್ಲ. ನನ್ನ ಎಡಗೈ ನೋವು ಮೊದಲು ಕಾಣಿಸಿಕೊಂಡಿದ್ದು ಆ ತೋರುಬೆರಳಿನ ಬುಡದಲ್ಲಿ. ಆಮೇಲೆ ಮಣಿಕಟ್ಟಿಗೆ ಇಳಿಯಿತು. ಆಮೇಲೆ ಒಂದು ದಿನ ಕುಕ್ಕರಿನ ಮುಚ್ಚಳ ತಿರುಗಿಸಲು ಆಗಲಿಲ್ಲ.

ವೈದ್ಯರನ್ನು ನೋಡಿದೆ, ನೀವೂ ನೋಡಲೇಬೇಕು. ಕೈ ಜೋಮು ಹಿಡಿದರೆ, ರಾತ್ರಿ ನೋವಿಗೆ ಎಚ್ಚರವಾದರೆ ಕೀಲಿಮಣೆ ಬದಲಿಸುವುದು ಆಮೇಲೆ, ಮೊದಲು ಆಸ್ಪತ್ರೆಗೆ ಹೋಗಿ. ನನಗೆ ವೈದ್ಯರು ವಿಶ್ರಾಂತಿ ಹೇಳಿದರು, ಮಣಿಕಟ್ಟಿಗೆ ಕಟ್ಟುವ ಪಟ್ಟಿ ಕೊಟ್ಟರು, ಕೆಲವು ವ್ಯಾಯಾಮ ಕಲಿಸಿದರು. ಹೊರಡುವಾಗ, ‘ನೀವು ಯಾವುದರ ಮೇಲೆ ಕೆಲಸ ಮಾಡುತ್ತೀರೋ ಅದನ್ನೂ ಸ್ವಲ್ಪ ನೋಡಿಕೊಳ್ಳಿ’ ಅಂದರು. ಆ ಮಾತು ಹಿಡಿದು ಹೊರಟವಳು ಇವತ್ತು ಈ ಎರಡು ಹೋಳಿನ ಕೀಲಿಮಣೆ ಹಿಡಿದು ನಿಮ್ಮ ಮುಂದೆ ನಿಂತಿದ್ದೇನೆ.

ಇದೇ ಅದು. ಕೈಯಿಂದ ಕೈಗೆ ದಾಟಿಸಿ, ನೋಡಿ. ಎರಡು ತುಂಡು, ಒಂದೊಂದರಲ್ಲಿ 21 ಕೀಲಿ, ಒಟ್ಟು 42. ಮೂರು ಸಾಲು, ಆರು ಕಂಬ, ಕೆಳಗೆ ಹೆಬ್ಬೆರಳಿಗೆ ಮೂರು. ಇದರ ಹೆಸರು ಕಾರ್ನೆ. ಜಪಾನಿನ ಹವ್ಯಾಸಿಯೊಬ್ಬರು ವಿನ್ಯಾಸ ಮಾಡಿ, ನಕ್ಷೆಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟಿದ್ದಾರೆ. ಅಂಗಡಿಯಲ್ಲಿ ಸಿಗುವ ಕೀಲಿಮಣೆಯಲ್ಲಿ 104 ಕೀಲಿ ಇರುತ್ತವೆ. ಹಾಗಾದರೆ ಉಳಿದವು ಎಲ್ಲಿ ಹೋದವು ಎಂದು ಹಿಂದಿನ ಸಾಲಿನಿಂದ ಕೇಳಿದರು. ಆ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮುಂಚೆ ಮಾಮೂಲಿ ಕೀಲಿಮಣೆ ಹೀಗೆ ಯಾಕಿದೆ ಎಂಬುದನ್ನು ಹೇಳಿಬಿಡುತ್ತೇನೆ.

ನಿಮ್ಮಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋದವರು ಎಷ್ಟು ಜನ? ಅರ್ಧಕ್ಕಿಂತ ಹೆಚ್ಚು ಕೈ ಎದ್ದಿದೆ. ಹಾಗಾದರೆ ನಿಮಗೆ ಹಾಲ್ಡಾ, ಗೋದ್ರೆಜ್, ರೆಮಿಂಗ್ಟನ್ ಟೈಪ್‌ರೈಟರ್‌ಗಳ ಸದ್ದು ಗೊತ್ತು. ಮೊದಲ ದಿನದ ಪಾಠವೂ ಗೊತ್ತು. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಆ ಯಂತ್ರದ ಕೆಳಗೆ ಬಗ್ಗಿ ನೋಡಿದ್ದೀರಾ? ಪ್ರತಿ ಕೀಲಿಯಿಂದ ಒಂದೊಂದು ಕಬ್ಬಿಣದ ಪಟ್ಟಿ ನೇರ ಹಿಂದಕ್ಕೆ ಹೋಗುತ್ತದೆ. ಮೇಲಿನ ಸಾಲಿನ ಕೀಲಿ ಕೆಳಗಿನದರ ನೆತ್ತಿಯ ಮೇಲೆಯೇ ಕೂತರೆ ಎರಡರ ಪಟ್ಟಿಗಳೂ ಒಂದಕ್ಕೊಂದು ತಾಗುತ್ತವೆ. ಅದಕ್ಕೇ ಪ್ರತಿ ಸಾಲನ್ನೂ ಸ್ವಲ್ಪ ಪಕ್ಕಕ್ಕೆ ಸರಿಸಿದರು. ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಲಿಂದ ಇಲ್ಲಿಯವರೆಗೆ ಆ ಓರೆ ಹಾಗೇ ಉಳಿದುಬಂದಿದೆ. ಇವತ್ತಿನ ಲ್ಯಾಪ್‌ಟಾಪಿನಲ್ಲಿ ಯಾವ ಪಟ್ಟಿಯೂ ಇಲ್ಲ, ಓರೆ ಮಾತ್ರ ಇದೆ.

ಆ ಓರೆ ಯಾವ ಕಡೆಗೆ ಎಂದು ನೋಡಿ. ಕೆಳಗಿನಿಂದ ಮೇಲಕ್ಕೆ ಹೋಗುತ್ತ ಸಾಲುಗಳು ಎಡಕ್ಕೆ ವಾಲುತ್ತವೆ. ಬಲಗೈಯನ್ನು ಮುಂದಕ್ಕೆ ಚಾಚಿದರೆ ಅದು ಸಹಜವಾಗಿ ಎಡಕ್ಕೇ ವಾಲುತ್ತದೆ, ಅದಕ್ಕೆ ಅಷ್ಟು ತೊಂದರೆ ಇಲ್ಲ. ಎಡಗೈ ಚಾಚಿದರೆ ಬಲಕ್ಕೆ ವಾಲಬೇಕು, ಸಾಲು ಮಾತ್ರ ಎಡಕ್ಕೆ ಎಳೆಯುತ್ತದೆ. ಎಡ ಮಣಿಕಟ್ಟು ದಿನವಿಡೀ ತನ್ನ ದಾರಿಗೆ ವಿರುದ್ಧವಾಗಿ ಮುರಿದುಕೊಂಡು ಕೂತಿರುತ್ತದೆ. ಅದರ ಮೇಲೆ ನಮ್ಮ ‘ತ್ತ’, ‘ತ್ವ’, ‘ರ್ವ’ಗಳ ಭಾರ. ನನ್ನ ನೋವು ಎಡಗೈಗೇ ಯಾಕೆ ಬಂತು ಎಂಬುದಕ್ಕೆ ನಾನು ಕಂಡುಕೊಂಡ ಉತ್ತರ ಇಷ್ಟೇ.

ಇನ್ನೊಂದು ವಿಷಯ ಹೆಬ್ಬೆರಳು. ಕೊಡಪಾನ ಎತ್ತುವಾಗ, ರೊಟ್ಟಿ ತಟ್ಟುವಾಗ, ಹೂ ಕಟ್ಟುವಾಗ, ಯಾವ ಕೆಲಸಕ್ಕೂ ಹೆಬ್ಬೆರಳೇ ಯಜಮಾನ. ಕೀಲಿಮಣೆಯಲ್ಲಿ ಎರಡೂ ಹೆಬ್ಬೆರಳಿಗೆ ಸೇರಿ ಒಂದೇ ಕೆಲಸ, ಸ್ಪೇಸ್. ಅದನ್ನೂ ಸಾಮಾನ್ಯವಾಗಿ ಒಂದು ಹೆಬ್ಬೆರಳು ಒತ್ತುತ್ತದೆ, ಇನ್ನೊಂದು ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತದೆ. ಕಿರುಬೆರಳಿಗೆ ನೋಡಿದರೆ ಶಿಫ್ಟ್, ಕಂಟ್ರೋಲ್, ಟ್ಯಾಬ್, ಎಂಟರ್, ಬ್ಯಾಕ್‌ಸ್ಪೇಸ್. ಮನೆಯ ಎಳೆಯ ಮಗುವಿನ ತಲೆಯ ಮೇಲೆ ಅಕ್ಕಿ ಮೂಟೆ ಹೊರಿಸಿದ ಹಾಗೆ. ಇದನ್ನು ಗಮನಿಸಿದವರು ಮೊದಲೂ ಇದ್ದರು. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಲಿಲಿಯನ್ ಮಾಲ್ಟ್ ಎಂಬ ಟೈಪಿಂಗ್ ತರಬೇತಿಯ ಪರಿಣತೆ ಮತ್ತು ಸ್ಟೀಫನ್ ಹಾಬ್ಡೇ ಎಂಬ ಎಂಜಿನಿಯರ್ ಸೇರಿ ಮಾಲ್ಟ್ರಾನ್ ಎಂಬ ಕೀಲಿಮಣೆ ಮಾಡಿದರು. ಎರಡು ಬೋಗುಣಿಯ ಹಾಗೆ ತಗ್ಗು, ಎರಡೂ ಕೈ ದೂರ ದೂರ, ಹೆಬ್ಬೆರಳಿಗೆ ಒಂದು ಗುಂಪು ಕೀಲಿ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಇ ಅಕ್ಷರವನ್ನೇ ಅವರ ವಿನ್ಯಾಸದಲ್ಲಿ ಹೆಬ್ಬೆರಳಿಗೆ ಕೊಟ್ಟರು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಇಂಗ್ಲಿಷಿಗೆ ಇ ಆದರೆ ಕನ್ನಡಕ್ಕೆ ಯಾವುದು? ಕತ್ತಲಲ್ಲಿ ಮಲಗಿಕೊಂಡೇ ಬೆರಳು ಆಡಿಸಿ ನೋಡಿದೆ. ಕನ್ನಡಕ್ಕೆ ಎಫ್, ಅಂದರೆ ಒತ್ತಕ್ಷರದ ಕೊಂಡಿ.

ಆಮೇಲಿನ ಚರಿತ್ರೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಕೈನೆಸಿಸ್ ಕಂಪನಿ 1992ರಲ್ಲಿ ಇಂಥದ್ದೇ ಬೋಗುಣಿ ಕೀಲಿಮಣೆ ತಂದಿತು. 1994ರಲ್ಲಿ ಮೈಕ್ರೋಸಾಫ್ಟ್ ಸಾಮಾನ್ಯ ಜನರಿಗೂ ಎಟುಕುವ ಹಾಗೆ ನಡುವೆ ಸೀಳಿದ ಕೀಲಿಮಣೆ ಮಾರಿತು. 2010ರ ದಶಕದ ಆರಂಭದಲ್ಲಿ ಎರ್ಗೋಡಾಕ್ಸ್ ಎಂಬ ಮುಕ್ತ ವಿನ್ಯಾಸ ಬಂದಮೇಲೆ ಇದು ಮನೆಯಲ್ಲೇ ಬೆಸುಗೆ ಹಾಕಿಕೊಳ್ಳುವವರ ಕೈಗೆ ಬಂತು. ಅವರು ಕೀಲಿಗಳನ್ನು ಕಡಿಮೆ ಮಾಡುತ್ತ ಹೋದರು. ಕಾರ್ನೆ 42ಕ್ಕೆ ಇಳಿಯಿತು, ಫೆರಿಸ್ ಎಂಬ ಇನ್ನೊಂದು ಮಣೆ 34ಕ್ಕೆ.

ಈಗ ಹಿಂದಿನ ಸಾಲಿನ ಪ್ರಶ್ನೆ. ಉಳಿದ ಕೀಲಿಗಳು ಎಲ್ಲಿ ಹೋದವು? ಎಲ್ಲಿಗೂ ಹೋಗಿಲ್ಲ, ಒಂದರ ಕೆಳಗೊಂದು ಕೂತಿವೆ. ಇದನ್ನು ಲೇಯರ್ ಅನ್ನುತ್ತಾರೆ, ನಾನು ಅಂತಸ್ತು ಅನ್ನುತ್ತೇನೆ. ಶಿಫ್ಟ್ ಹಿಡಿದರೆ ಅದೇ ಕೀಲಿಯಲ್ಲಿ ಬೇರೆ ಅಕ್ಷರ ಬರುವುದು ನಿಮಗೆ ಹೊಸದಲ್ಲ, ಇದೂ ಹಾಗೆಯೇ. ಎಡ ಹೆಬ್ಬೆರಳಲ್ಲಿ ಒಂದು ಕೀಲಿ ಹಿಡಿದಿದ್ದರೆ ಬಲಗೈಯ ಕೆಳಗೆ ಕ್ಯಾಲ್ಕುಲೇಟರಿನ ಹಾಗೆ ಅಂಕಿಗಳು ಬಂದು ಕೂರುತ್ತವೆ. ಬಲ ಹೆಬ್ಬೆರಳಲ್ಲಿ ಇನ್ನೊಂದು ಹಿಡಿದರೆ ಆವರಣ, ಪ್ರಶ್ನಾರ್ಥಕ, ಬಾಣದ ಗುರುತು. ಬೆರಳು ಮನೆಯ ಸಾಲಿನಿಂದ ಒಂದು ಹೆಜ್ಜೆಗಿಂತ ದೂರ ಹೋಗುವುದೇ ಇಲ್ಲ. ಅಂಕಿ ಬೇಕೆಂದರೆ ಕೈ ಎತ್ತಿ ಮೇಲೆ ಹೋಗುವ ಬದಲು ಅಂಕಿಯೇ ಕೈಯ ಕೆಳಗೆ ಬರುತ್ತದೆ.

ಇದನ್ನೆಲ್ಲ ನಡೆಸುವುದು ಕೀಲಿಮಣೆಯೊಳಗಿನ ಚಿಕ್ಕ ಚಿಪ್ಪು, ಅದರಲ್ಲಿ ಕೂತಿರುವ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶ. ಯಾವ ಕೀಲಿ ಏನು ಮಾಡಬೇಕು ಎಂಬುದನ್ನು ನೀವೇ ಬರೆಯಬಹುದು. ಕೋಡ್ ಬರೆಯಲು ಬಾರದಿದ್ದರೆ ವಯಲ್ ಎಂಬ ಸಾಧನವಿದೆ, ಪರದೆಯ ಮೇಲೆ ಕೀಲಿಯನ್ನು ಮುಟ್ಟಿ ಅಕ್ಷರ ಆರಿಸಿದರೆ ಆಯಿತು. ಒಂದು ಮಾತು ನೆನಪಿರಲಿ. ಕೀಲಿಮಣೆ ಕಂಪ್ಯೂಟರಿಗೆ ‘ಕ’ ಎಂದು ಹೇಳುವುದಿಲ್ಲ. ‘ಕೆ ಇರುವ ಜಾಗ ಒತ್ತಿದರು’ ಎಂದು ಒಂದು ಸಂಖ್ಯೆ ಕಳಿಸುತ್ತದೆ, ಅಷ್ಟೇ. ಅದನ್ನು ‘ಕ’ ಮಾಡುವುದು ಕಂಪ್ಯೂಟರಿನಲ್ಲಿರುವ ಕನ್ನಡ ವಿನ್ಯಾಸ. ಹಾಗಾಗಿ ಇಂಥ ಕೀಲಿಮಣೆ ತೆಗೆದುಕೊಂಡರೆ ನುಡಿ ಬಿಡಬೇಕೇ ಎಂಬ ಹೆದರಿಕೆ ಬೇಡ.

ಇಲ್ಲಿ ಕೆ.ಪಿ. ರಾಯರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಕೂರಿಸಿದರು. ಸ್ವರ, ವ್ಯಂಜನ, ವ್ಯಂಜನಕ್ಕೆ ವ್ಯಂಜನ ಕೂಡಿಸುವ ಒಂದು ಕೊಂಡಿ. ಕಾಗುಣಿತಕ್ಕೆ, ಒತ್ತಕ್ಷರಕ್ಕೆ ಬೇರೆ ಬೇರೆ ಕೀಲಿ ಇಲ್ಲ. ‘ಕ’ ಒತ್ತಿ ‘ಇ’ ಒತ್ತಿದರೆ ‘ಕಿ’. ನ, ಕೊಂಡಿ, ನ ಅಂದರೆ ‘ನ್ನ’. ‘ಕನ್ನಡ’ಕ್ಕೆ ಐದೇ ಕೀಲಿ. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಂದದ್ದು, ಸರ್ಕಾರ ಒಪ್ಪಿಕೊಂಡದ್ದು ಈ ವಿನ್ಯಾಸವೇ. ಭಾರತೀಯ ಭಾಷೆಗಳಿಗೆಂದು ಮಾಡಿದ ಇನ್‌ಸ್ಕ್ರಿಪ್ಟ್ ಕೂಡ ಒಳ್ಳೆಯ ವಿನ್ಯಾಸ. ಹೆಚ್ಚುಕಡಿಮೆ ಸ್ವರವೆಲ್ಲ ಎಡಗೈಗೆ, ವ್ಯಂಜನದ ಬಹುಪಾಲು ಬಲಗೈಗೆ ಹಂಚಿರುವುದರಿಂದ ಕೈ ಬದಲಾಗುತ್ತ ಇರುತ್ತದೆ. ಆದರೆ ಅದು ಅಕ್ಷರದ ಕೀಲಿಗಳನ್ನು ದಾಟಿ ಹೊರಗೆ ಚಾಚಿಕೊಂಡಿದೆ. ‘ಡ’ ಕೂತಿರುವುದು ಚೌಕಾವರಣದ ಕೀಲಿಯಲ್ಲಿ. 42 ಕೀಲಿಯ ಮಣೆಯ ಮೊದಲ ಅಂತಸ್ತಿನಲ್ಲಿ ಆ ಕೀಲಿಗೆ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ. ಕೆ.ಪಿ. ರಾಯರ ವಿನ್ಯಾಸಕ್ಕೆ 26 ಸಾಕು. ಇಂಥ ಪುಟ್ಟ ಮಣೆಯನ್ನು ಯಾರೂ ಊಹಿಸದ ಕಾಲದಲ್ಲಿ ಅವರು ಮಾಡಿದ ಕೆಲಸ ಇದರ ಮೇಲೆ ಒಂದು ಕೀಲಿಯೂ ಹೊರಗುಳಿಯದೆ ಕೂತಾಗ ನನಗೆ ಕಣ್ಣು ತುಂಬಿಬಂತು. ಭಾಷೆಯ ಒಳಗುಟ್ಟು ಹಿಡಿದು ಮಾಡಿದ ಕೆಲಸಕ್ಕೆ ಇಷ್ಟು ಬಾಳಿಕೆ ಇರುತ್ತದೆ.

ಅಂದಮೇಲೆ ಅದರಲ್ಲೇ ಬದಲಾವಣೆ ಯಾಕೆ ಮಾಡಿದೆ ಎಂದು ಕೇಳುತ್ತೀರಿ. ರಾಯರ ವಿನ್ಯಾಸದ ಅಕ್ಷರಗಳನ್ನು ನಾನು ಬದಲಿಸಿಲ್ಲ. ಅವರ ಮುಂದೆ ಇದ್ದದ್ದು ಮಾಮೂಲಿ ಕೀಲಿಮಣೆ, ಹೆಬ್ಬೆರಳಿಗೆ ಜಾಗವಿರಲಿಲ್ಲ. ನನಗೆ ಆರು ಕೀಲಿಯ ಜಾಗ ಸಿಕ್ಕಿತು, ಮೂರು ಅಕ್ಷರಗಳನ್ನು ಮನೆ ಬದಲಿಸಿದೆ.

ಮೊದಲನೆಯದು ಕೊಂಡಿ. ಎಫ್ ಅನ್ನು ಎಡ ತೋರುಬೆರಳಿನಿಂದ ತೆಗೆದು ಬಲ ಹೆಬ್ಬೆರಳಿಗೆ ಕೊಟ್ಟೆ. ಈಗ ‘ಬರುತ್ತದೆ’ ಮತ್ತೊಮ್ಮೆ ಆಡಿಸಿ ನೋಡಿ. ಟಿ ಎಡಗೈ, ಕೊಂಡಿ ಬಲಗೈಯ ಹೆಬ್ಬೆರಳು, ಟಿ ಎಡಗೈ. ತೋರುಬೆರಳು ಟಿ ಮೇಲೇ ನಿಂತಿರುತ್ತದೆ, ಎರಡು ಬಡಿತದ ನಡುವೆ ಹೆಬ್ಬೆರಳು ಒಂದು ತಾಳ ಹಾಕುತ್ತದೆ. ತ-ಧಿಂ-ತ ಅನ್ನುವ ಹಾಗೆ. ಇದನ್ನು ಮಾಡಿದ ಮೂರನೆಯ ವಾರ ನನ್ನ ಕೈಗೆ ಅದರ ಲಯ ಹತ್ತಿತು, ಅವತ್ತಿನಿಂದ ಹಿಂದಿರುಗಿ ನೋಡಿಲ್ಲ.

ಎರಡನೆಯದು ‘ಆ’. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಂಗ್ಲಿಷಿಗೂ ಕನ್ನಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಿಗೆ, ಹೆಸರುಗಳಿಗೆ. ನಮಗೆ ದೀರ್ಘ ಬಂದರೆ ಶಿಫ್ಟ್, ಮಹಾಪ್ರಾಣ ಬಂದರೆ ಶಿಫ್ಟ್, ಣ ಳ ಶ ಬಂದರೆ ಶಿಫ್ಟ್, ಸೊನ್ನೆಗೂ ಶಿಫ್ಟ್. ಒಂದು ಸಣ್ಣ ವಾಕ್ಯ ತೆಗೆದುಕೊಳ್ಳಿ: ‘ಅವಳು ಹಾಡುಗಳನ್ನು ಹಾಡುತ್ತಾಳೆ.’ ಮೂರು ಪದ. ಅವಳು ಎನ್ನುವಲ್ಲಿ ಳ, ಒಂದು ಶಿಫ್ಟ್. ಹಾಡುಗಳನ್ನು ಎನ್ನುವಲ್ಲಿ ಹಾ ಮತ್ತು ಳ, ಎರಡು. ಹಾಡುತ್ತಾಳೆ ಎನ್ನುವಲ್ಲಿ ಹಾ, ತ್ತಾ, ಳೆ, ಮೂರು. ಒಟ್ಟು ಆರು ಸಲ ಕಿರುಬೆರಳು ಚಾಚಬೇಕು. ನಮ್ಮಲ್ಲಿ ಬಹುವಚನ ಹೇಳಿದರೇ ಒಂದು ಶಿಫ್ಟ್ ಖರ್ಚು, ‘ಗಳು’ ಬಂತಲ್ಲ.

ಅದಕ್ಕೆ ನಾನು ಶಿಫ್ಟನ್ನೇ ಎಡ ಹೆಬ್ಬೆರಳಿಗೆ ತಂದೆ. ಅದನ್ನು ಹಿಡಿದುಕೊಂಡಿರಬೇಕಾಗಿಲ್ಲ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅನ್ವಯವಾಗುತ್ತದೆ. ಒನ್‌ಶಾಟ್ ಶಿಫ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಸೆಮಿಕೋಲನ್ ಎಷ್ಟು ಸಲ ಬಳಸುತ್ತೇವೆ? ಅಪರೂಪ. ಆದರೆ ಅದು ಕೂತಿರುವುದು ಬಲ ಕಿರುಬೆರಳಿನ ಮನೆಯಲ್ಲೇ. ಅದನ್ನು ಇನ್ನೊಂದು ಅಂತಸ್ತಿಗೆ ಕಳಿಸಿ ಆ ಜಾಗಕ್ಕೆ ನೇರವಾಗಿ ‘ಆ’ ತಂದೆ. ಕೀಲಿಮಣೆಯೇ ಒಳಗೊಳಗೆ ಶಿಫ್ಟ್ ಮತ್ತು ಎ ಕಳಿಸುತ್ತದೆ, ನನಗೆ ಒಂದೇ ಒತ್ತು. ನಮ್ಮ ಶಾಲೆಯ ಮಾತಿನಲ್ಲಿ ಹೇಳುವುದಾದರೆ ‘ಇಳಿ’ಗೆ ಸ್ವಂತ ಮನೆ ಸಿಕ್ಕಿತು. ಈಗ ಆ ವಾಕ್ಯದಲ್ಲಿ ಶಿಫ್ಟ್ ಬೇಕಾಗಿರುವುದು ಮೂರು ‘ಳ’ಕ್ಕೆ ಮಾತ್ರ, ಅದೂ ಹೆಬ್ಬೆರಳಿನಿಂದ.

ಮೂರನೆಯದು ಸೊನ್ನೆ. ಎಫ್ ಖಾಲಿ ಮಾಡಿ ಹೋದ ಜಾಗ ಎಡ ತೋರುಬೆರಳಿನ ಕೆಳಗೆ ಹಾಗೇ ಇತ್ತು. ಬಂದ, ಅಂದ, ಎಂದು, ಮನೆಯಿಂದ, ನಂತರ. ಸೊನ್ನೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

‘ರಾಷ್ಟ್ರೀಯ’ ಎಂಬ ಪದ ಹಳೆಯ ಕೀಲಿಮಣೆಯಲ್ಲಿ ನನಗೆ ಶಿಕ್ಷೆಯಾಗಿತ್ತು. ಆರ್, ಶಿಫ್ಟ್ ಎ, ಎಕ್ಸ್, ಎಫ್, ಕ್ಯೂ, ಎಫ್, ಆರ್. ಏಳು ಅಕ್ಷರ ಸಾಲಾಗಿ ಎಡಗೈಗೇ, ಆಮೇಲೆ ಈ ಮತ್ತು ಯ ಬಲಗೈಗೆ. ಈಗ ಎಡಗೈಗೆ ಉಳಿದಿರುವುದು ರ, ಷ, ಟ, ರ ನಾಲ್ಕೇ. ನಡುನಡುವೆ ಬಲಗೈ ಬಂದು ಹೋಗುತ್ತದೆ. ಸರ್ಕಾರಿ ಕಾಗದ ಟೈಪ್ ಮಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇದೆಲ್ಲ ಮೊದಲ ಸಲಕ್ಕೇ ಸರಿ ಬರಲಿಲ್ಲ. ಒಂದು ತಪ್ಪನ್ನು ವಿವರವಾಗಿ ಹೇಳುತ್ತೇನೆ, ನೀವು ಮಾಡಬಾರದು. ಇಂಥ ಮಣೆ ಬಳಸುವ ಬಹಳ ಜನ ಮನೆಯ ಸಾಲಿನ ಅಕ್ಷರಗಳಿಗೇ ಕಂಟ್ರೋಲ್, ಆಲ್ಟ್, ಶಿಫ್ಟ್ ಸೇರಿಸುತ್ತಾರೆ. ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್. ಎಷ್ಟು ಹೊತ್ತು ಹಿಡಿದರೆ ಹಿಡಿದ ಹಾಗೆ ಎಂಬುದಕ್ಕೆ ಕ್ಯೂಎಂಕೆಯಲ್ಲಿ ಮೊದಲೇ ಇಟ್ಟಿರುವ ಗಡುವು 200 ಮಿಲಿಸೆಕೆಂಡ್. ಇಂಗ್ಲಿಷ್ ಬರೆಯುವವರಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ನಾನೂ ಅವರನ್ನು ನೋಡಿ ಎಫ್ ಕೀಲಿಗೆ ಶಿಫ್ಟ್ ಸೇರಿಸಿದೆ, ಆಗಿನ್ನೂ ಕೊಂಡಿ ಅಲ್ಲೇ ಇತ್ತು. ‘ಕನ್ನಡ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ‘ಕನಣಡ’ ಬರತೊಡಗಿತು. ಏನಾಯಿತು ಹೇಳಿ? ಎಫ್ ಬಿಡುವುದು ಒಂದು ಚೂರು ತಡವಾಯಿತು, ಅದು ಶಿಫ್ಟ್ ಆಯಿತು, ಅದರ ಮೇಲೆ ಬಂದ ನ ಣ ಆಯಿತು. ಒತ್ತಕ್ಷರ ಅಂದರೆ ಕೊಂಡಿಯ ಹಿಂದೆಯೇ ಇನ್ನೊಂದು ಅಕ್ಷರ ಬರಲೇಬೇಕು, ಹಾಗಾಗಿ ಈ ಎಡವಟ್ಟು ಪ್ರತಿ ಸಾಲಿನಲ್ಲಿ. ಎಂಬತ್ತು ಪುಟದ ಒಂದು ಹಸ್ತಪ್ರತಿಯನ್ನು ಹಾಗೆ ಟೈಪ್ ಮಾಡಿ, ತಿದ್ದಲು ಮತ್ತೆರಡು ದಿನ ಕೂತೆ. ಆಮೇಲೆ ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಅಂತಸ್ತು ಮಾಡಿದೆ. ಕನ್ನಡದ ಅಂತಸ್ತಿನಲ್ಲಿ ಅಕ್ಷರ ಬರೀ ಅಕ್ಷರ, ಹಿಡಿದರೂ ಅಕ್ಷರ. ಒಂದೇ ಕೀಲಿ ಒತ್ತಿದರೆ ಅಂತಸ್ತೂ ಬದಲಾಗಿ ಕಂಪ್ಯೂಟರಿನ ಭಾಷೆಯೂ ಬದಲಾಗುತ್ತದೆ.

ಇನ್ನೊಂದು ಪ್ರಯೋಗ ಮಾಡಿ ಕೈಬಿಟ್ಟೆ, ಆದರೂ ಹೇಳಬೇಕು, ಯಾಕೆಂದರೆ ಇಲ್ಲಿ ಯಾರಿಗಾದರೂ ಒದಗಬಹುದು. ಆಟೋಶಿಫ್ಟ್ ಎಂಬ ಸೌಲಭ್ಯವಿದೆ. ಕೀಲಿಯನ್ನು ಕೊಂಚ ಹೆಚ್ಚು ಹೊತ್ತು ಒತ್ತಿದರೆ ತಾನೇ ಶಿಫ್ಟಿನ ಅಕ್ಷರ ಬರುತ್ತದೆ. ರಾಯರ ವಿನ್ಯಾಸದ ಮೇಲೆ ಅದನ್ನು ಹಾಕಿದಾಗ ಏನಾಗುತ್ತದೆ ನೋಡಿ. ‘ಇ’ ಒತ್ತಿದರೆ ಇ, ಎಳೆದು ಒತ್ತಿದರೆ ಈ. ‘ಎ’ ಎಳೆದರೆ ಏ. ದೀರ್ಘ ಸ್ವರಕ್ಕೆ ದೀರ್ಘ ಒತ್ತು! ಎಷ್ಟು ಸೊಗಸಾಗಿದೆ ಅಲ್ಲವೇ? ಎರಡು ತಿಂಗಳು ಆಸೆಯಿಂದ ಬಳಸಿದೆ. ಸಂಜೆ ಬೆರಳು ದಣಿದಾಗ ‘ನ’ ಎಲ್ಲ ‘ಣ’ ಆಗುತ್ತಿತ್ತು, ‘ಲ’ ಎಲ್ಲ ‘ಳ’ ಆಗುತ್ತಿತ್ತು. ವೇಗದ ಕೆಲಸಕ್ಕೆ ಅದು ಆಗದು. ಆದರೆ ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ, ಎರಡು ಕೀಲಿ ಒಟ್ಟಿಗೆ ಹಿಡಿಯಲಾಗದ ಹಿರಿಯರಿಗೆ ಇದನ್ನು ಖಂಡಿತ ಹಾಕಿಕೊಡಿ, ಗಡುವನ್ನು ಅವರ ಕೈಗೆ ತಕ್ಕಂತೆ ಏರಿಸಿ.

ನನ್ನ ಅಜ್ಜಿ ಎಡಗೈಯವರು. ಗದ್ದೆ ಕೊಯ್ಲಿಗೆ ಎಲ್ಲರ ಕುಡುಗೋಲು ಅವರಿಗೆ ಆಗುತ್ತಿರಲಿಲ್ಲ, ಬಾಯಿ ತಿರುವುಮುರುವು. ಊರಿನ ಕಮ್ಮಾರರು ಅವರಿಗೆಂದೇ ಮಸೆಯನ್ನು ಇನ್ನೊಂದು ಮಗ್ಗುಲಿಗೆ ಮಾಡಿ ಕೊಡುತ್ತಿದ್ದರು. ಅದನ್ನು ಯಾರೂ ವಿಶೇಷ ಎಂದು ನೋಡುತ್ತಿರಲಿಲ್ಲ. ಕೈ ಹೀಗಿದೆ, ಕುಡುಗೋಲು ಹೀಗಿರಬೇಕು, ಮುಗಿಯಿತು. ದಿನವಿಡೀ ಹಿಡಿಯುವ ಹತ್ಯಾರಿನ ಬಗ್ಗೆ ಅವರಿಗಿದ್ದ ಆ ಸರಳ ತಿಳಿವಳಿಕೆಯನ್ನು ನಾವು ಕಂಪ್ಯೂಟರಿನ ಮುಂದೆ ಕೂತಮೇಲೆ ಕಳೆದುಕೊಂಡೆವು ಅನ್ನಿಸುತ್ತದೆ. ಪೆಟ್ಟಿಗೆಯಲ್ಲಿ ಬಂದದ್ದೇ ಕೀಲಿಮಣೆ, ನೋವಾದರೆ ಕೈಯದೇ ತಪ್ಪು.

ಮಾಡುವ ಬಗೆ ಕೇಳಿದಿರಿ. ಬೋರ್ಡು ಮತ್ತು ಸ್ವಿಚ್ಚುಗಳನ್ನು ತರಿಸಿಕೊಂಡೆ. ಡಯೋಡು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ), ಬೆಸುಗೆ ತಂತಿ, ಬೆಸುಗೆ ಹಾಕುವ ಕಡ್ಡಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ನನಗೆ ಎಲ್ಲ ಸೇರಿ ಸುಮಾರು 12,000 ರೂಪಾಯಿ ಆಯಿತು. ಪ್ರತಿ ಕೀಲಿಗೆ ಒಂದು ಡಯೋಡು, 42 ಕೀಲಿಗೆ 42. ಒಂದು ತುದಿಯಲ್ಲಿ ಕಪ್ಪು ಪಟ್ಟಿ ಇರುತ್ತದೆ. ಬೋರ್ಡಿನ ಮೇಲೆ ಗುರುತು ಇರುವ ಕಡೆಗೇ ಆ ಪಟ್ಟಿ ಬರಬೇಕು, ತಿರುಗಾಮುರುಗಾ ಆದರೆ ಆ ಕೀಲಿ ಮಾತಾಡುವುದಿಲ್ಲ. ಎರಡೂ ಹೋಳಿನ ನಡುವೆ ಈ ತಂತಿ ಇದೆಯಲ್ಲ, ಹೆಡ್‌ಫೋನಿನ ತುದಿಯ ಹಾಗೆ ಇದೆ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿರುವಾಗ ಎಂದೂ ಕೀಳಬೇಡಿ. ಎಳೆಯುವಾಗ ಒಳಗಿನ ಪಟ್ಟಿಗಳು ಒಂದಕ್ಕೊಂದು ತಾಗಿ ಚಿಪ್ಪು ಸುಡಬಹುದು. ನನ್ನ ಮೊದಲ ಚಿಪ್ಪು ಹೋದದ್ದು ಹಾಗೆಯೇ. ಮೊದಲು ಯುಎಸ್‌ಬಿ ತೆಗೆಯಿರಿ, ಆಮೇಲೆ ಈ ತಂತಿ.

ಇಂಗ್ಲಿಷಿಗೆ ಕೋಲ್ಮ್ಯಾಕ್, ಡ್ವೊರಾಕ್ ಎಂಬ ಬೇರೆ ಅಕ್ಷರ ಜೋಡಣೆಗಳನ್ನು ಕಲಿಯಲೇ ಎಂದು ಇಲ್ಲಿರುವ ತರುಣರು ಮೊದಲೇ ಕೇಳಿದ್ದರು. ಆಗಸ್ಟ್ ಡ್ವೊರಾಕ್ ಮತ್ತು ಅವರ ಜೊತೆಗಾರರ ವಿನ್ಯಾಸಕ್ಕೆ 1936ರಲ್ಲಿ ಪೇಟೆಂಟ್ ಸಿಕ್ಕಿತು, ಕೋಲ್ಮ್ಯಾಕ್ 2006ರದು. ಇಂಗ್ಲಿಷ್ ಮಾತ್ರ ಬರೆಯುವವರು ಕಲಿಯಲಿ. ಕನ್ನಡವನ್ನು ರಾಯರ ವಿನ್ಯಾಸದಲ್ಲಿ ಬರೆಯುವ ನಮಗೆ ಒಂದು ತೊಡಕಿದೆ. ಕೋಲ್ಮ್ಯಾಕ್ ಅನ್ನು ಕೀಲಿಮಣೆಯೊಳಗೆ ಹಾಕಿದರೆ 17 ಕೀಲಿ ಜಾಗ ಬದಲಿಸುತ್ತವೆ, ಜೊತೆಗೆ ಕನ್ನಡದ ಅಕ್ಷರಗಳೂ ಎದ್ದು ಹೋಗುತ್ತವೆ. ಇಷ್ಟು ವರ್ಷ ಕೈಯಲ್ಲಿ ಊರಿದ ‘ಕ’, ‘ನ’, ‘ರ’ ಎಲ್ಲ ಮತ್ತೆ ಹುಡುಕಬೇಕು. ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೋಳಾದ ಮಣೆಗೆ ಒಗ್ಗುವುದೇ ಒಂದು ಕೆಲಸ. ಮೊದಲ ವಾರ ನನ್ನ ವೇಗ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಕೆಲಸದ ಗಡುವು ಇದ್ದ ದಿನ ಹಳೆಯದನ್ನೇ ಬಳಸಿದೆ, ರಾತ್ರಿ ಅರ್ಧ ಗಂಟೆ ಇದರಲ್ಲಿ ಕಾಗುಣಿತ ಬರೆದೆ. ಕ ಕಾ ಕಿ ಕೀ ಎಂದು ಳ ವರೆಗೆ, ಒಂದನೇ ತರಗತಿಯ ಮಗುವಿನ ಹಾಗೆ.

ಬಗೆಹರಿಯದೇ ಉಳಿದದ್ದೂ ಇದೆ. ‘ರ‍್ಯಾಂಕ್’ ಎಂದು ಬರೆಯಬೇಕಾದರೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ಹಾಕಿ, ಆಮೇಲೆ ಕೊಂಡಿ ಹಾಕಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ. ‘ಸಾಫ್ಟ್‌ವೇರ್’ ಎನ್ನುವಲ್ಲಿ ವ ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಾದರೆ ಇನ್ನೊಂದು ಕಾಣದ ಗುರುತು. ಇವೆರಡಕ್ಕೂ ಒಂದೊಂದು ಕೀಲಿ ಮಾಡಿಕೊಂಡಿದ್ದೇನೆ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಕೀಲಿಮಣೆ ಒಳಗೊಳಗೆ ಕಂಟ್ರೋಲ್, ಶಿಫ್ಟ್, ಯು ಒತ್ತಿ 200ಸಿ ಎಂದು ಬರೆದು ಆ ಎರಡನೆಯ ಗುರುತು ತರುತ್ತದೆ. ಇದೇ ಕೀಲಿ ವಿಂಡೋಸಿನಲ್ಲಿ ಕೆಲಸ ಮಾಡುವುದಿಲ್ಲ, ಅಲ್ಲಿ ಬೇರೆ ಉಪಾಯ ಬೇಕು. ಪ್ರೆಸ್ಸಿನಲ್ಲಿ ಎರಡೂ ಬಗೆಯ ಕಂಪ್ಯೂಟರ್ ಇರುವವರು ಇದನ್ನು ಬಿಡಿಸಿದರೆ ನನಗೂ ಹೇಳಿಕೊಡಿ, ನಾನು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ.

ಇವತ್ತೇ ಹಣ ಖರ್ಚು ಮಾಡಬೇಡಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಕಾಗದ ಇಟ್ಟಿದ್ದೇನೆ. ಕಾರ್ನೆ, ಫೆರಿಸ್ ಮತ್ತು ಇನ್ನೊಂದು ದೊಡ್ಡ ಮಣೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಮುದ್ರಿಸಿ ತಂದಿದ್ದೇನೆ. ಭುಜದಷ್ಟು ಅಗಲಕ್ಕೆ ಎರಡು ಹಾಳೆ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಕೈ ಸಡಿಲ ಬಿಟ್ಟು ಮೇಲೆ ಇಡಿ. ಹೆಬ್ಬೆರಳು ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿ ಪಕ್ಕದವರಿಂದ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಹಾಕಿಸಿ. ಹತ್ತು ಸಲ ಎತ್ತಿ ಇಡಿ, ಹತ್ತು ಚುಕ್ಕಿ. ಚುಕ್ಕಿಗಳು ಕೀಲಿಯ ಚೌಕದೊಳಗೆ ಗುಂಪಾಗಿ ಬಿದ್ದರೆ ಆ ಮಣೆ ನಿಮ್ಮ ಕೈಯದು. ಆಚೆ ಬಿದ್ದರೆ ಬೇರೆ ನಕ್ಷೆ ತೆಗೆದುಕೊಳ್ಳಿ. ಪೆನ್ಸಿಲ್ ಎಂಟೇ ಇವೆ, ಇಬ್ಬಿಬ್ಬರು ಹಂಚಿಕೊಳ್ಳಿ. ನನ್ನ ಮಣೆ ಈಗ ಯಾರ ಕೈಯಲ್ಲಿದೆಯೋ ಅವರು ‘ಬರುತ್ತದೆ’ ಟೈಪ್ ಮಾಡಿ ನೋಡದೆ ಮುಂದಕ್ಕೆ ಕೊಡಬೇಡಿ.